ಕುಂದಾಪುರದಿಂದ ಮುಂಬೈಗೆ ಕೊಂಕಣ ರೈಲು: ಅಪ್ಪಯ್ಯ, ನಾನು ಮತ್ತು ಜಾರ್ಜ್ ಫರ್ನಾಂಡಿಸ್

ಮೊದಲೇ ಹೇಳಿಬಿಡುತ್ತೇನೆ, ಈ ಪ್ರಯಾಣಕ್ಕೆ ನಾನು ಕೊಡುವ ಅಂಕ ಐದಕ್ಕೆ ನಾಲ್ಕೂವರೆ. ಎಡಗಡೆ ಕಿಟಕಿ ಸಿಕ್ಕರೆ ಸಾಕು, ಬೇರೆ ಏನೂ ಬೇಡ.

ಈ ದಾರಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸುರಂಗ, ಹಸಿರು, ಮಳೆಗಾಲದ ಜಲಪಾತ ಅಂತ ಬರೆಯುತ್ತಾರೆ. ನಾನು ಹೋದದ್ದು ಅಪ್ಪಯ್ಯನ ಜೊತೆ. ಅವರು ಇದನ್ನು ಕೊಂಕಣ ರೈಲು ಅಂತ ಕರೆಯುವುದೇ ಇಲ್ಲ. ಅವರಿಗೆ ಇದು ಜಾರ್ಜ್ ರೈಲು, ಅಂದರೆ ರೈಲ್ವೆ ಮಂತ್ರಿಯಾಗಿದ್ದಾಗ ಈ ಹಳಿ ಹಾಕಿಸಿದ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅವರ ರೈಲು. ಹದಿನಾಲ್ಕನೇ ವಯಸ್ಸಿಗೆ ಮುಂಬೈಗೆ ಓಡಿಹೋಗಿ ಮಾಟುಂಗಾದ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆದವರು ಅವರು. ಆಗ ನಮ್ಮ ಕಡೆಯವರಿಗೆ ಇದ್ದದ್ದು ಬಸ್ಸು. ಒಂದಿಡೀ ರಾತ್ರಿ, ಮತ್ತೆ ಹಗಲು, ಘಾಟಿಯ ತಿರುವು, ವಾಂತಿ. ರೈಲು ಬೇಕು ಅಂದರೆ ಮಂಗಳೂರಿನಿಂದ ಸುತ್ತು ಹಾಕಿ 2,041 ಕಿಲೋಮೀಟರ್, ಸುಮಾರು 41 ಗಂಟೆ. ಈ ಹಳಿ ಬಂದ ಮೇಲೆ ಅದು 914 ಕಿಲೋಮೀಟರ್ ಆಯಿತು. ಈ ಎರಡು ಸಂಖ್ಯೆಗಳನ್ನು ಅಪ್ಪಯ್ಯ ಮಗ್ಗಿ ಹೇಳಿದ ಹಾಗೆ ಹೇಳುತ್ತಾರೆ.

ಮಧ್ಯಾಹ್ನ ಮಂಗಳೂರು ಬಿಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸನ್ನು ನಾವು ಕುಂದಾಪುರದಲ್ಲಿ ಹತ್ತಿದೆವು. ಅದರಲ್ಲೇ ಮುಂಬೈವರೆಗೂ ಹೋದರೆ ಕಾರವಾರ ದಾಟುವಾಗಲೇ ಕತ್ತಲಾಗಿ, ಮಹಾರಾಷ್ಟ್ರದ ಭಾಗ ಪೂರ್ತಿ ನಿದ್ದೆಯಲ್ಲಿ ಹೋಗುತ್ತದೆ. ಅದಕ್ಕೇ ಮಡಗಾಂವ್‌ನಲ್ಲಿ ಇಳಿದು, ರಾತ್ರಿ ಉಳಿದು, ಬೆಳಿಗ್ಗೆ ಮಾಂಡೋವಿ ಎಕ್ಸ್‌ಪ್ರೆಸ್ ಹಿಡಿದೆವು. ಒಂದು ದಿನ ಜಾಸ್ತಿ ಇದ್ದರೆ ನೀವೂ ಹೀಗೇ ಮಾಡಿ.

ಹೊನ್ನಾವರದ ಶರಾವತಿ ಸೇತುವೆ ಈ ಹಳಿಯಲ್ಲೇ ಉದ್ದದ್ದು, ಎರಡು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ರೈಲು ಅದರ ಮೇಲೆ ಬಂದ ಕೂಡಲೇ ಸದ್ದು ಬದಲಾಗುತ್ತದೆ. ಕೆಳಗೆ ಅಗಲವಾದ ನೀರು, ನಡುವೆ ತೆಂಗಿನ ಮರಗಳ ದ್ವೀಪ, ದೋಣಿಯಲ್ಲಿ ಒಬ್ಬ ನಿಂತುಕೊಂಡು ಬಲೆ ಎಳೆಯುತ್ತಿದ್ದ. ಅಪ್ಪಯ್ಯ ಕಿಟಕಿಯ ಸರಳು ಹಿಡಿದುಕೊಂಡು, ಸೇತುವೆ ಮುಗಿಯುವವರೆಗೂ ಒಂದು ಮಾತಾಡಲಿಲ್ಲ. ಆಮೇಲೆ ಹೇಳಿದರು: "ಅವ್ರ್ ಓಟ್ ಕೇಂಡದ್ದ್ ಬಿಹಾರದಗೆ, ರೈಲ್ ಕೊಟ್ಟದ್ದ್ ನಮ್ಗೆ."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು, ಯಾಕೆಂದರೆ ಅದು ನಿಜ. ಜಾರ್ಜ್ ಹುಟ್ಟಿದ್ದು 1930ರ ಜೂನ್ 3ರಂದು ಮಂಗಳೂರಿನಲ್ಲಿ. ಆದರೆ ಲೋಕಸಭೆಗೆ ಅವರನ್ನು ಕಳಿಸಿದ್ದು ಮುಂಬೈ, ಮುಜಫ್ಫರ್‌ಪುರ, ನಳಂದಾ. ಕರ್ನಾಟಕದಿಂದ ಅವರು ಲೋಕಸಭೆಗೆ ಗೆದ್ದೇ ಇಲ್ಲ. 1984ರಲ್ಲಿ ಬೆಂಗಳೂರು ಉತ್ತರದಲ್ಲಿ ನಿಂತು ಜಾಫರ್ ಷರೀಫ್ ಎದುರು ಸೋತರು. ನಾವು ಗೆಲ್ಲಿಸದ ಮನುಷ್ಯ ನಮ್ಮ ಕರಾವಳಿಗೆ ಹಳಿ ಹಾಕಿಸಿದರು. ಈಗಿನ ಎಂಪಿಗಳು ಅವರ ಕ್ಷೇತ್ರದ ಗಡಿ ದಾಟಿ ಒಂದು ಬಸ್ ಸ್ಟಾಪನ್ನಾದರೂ ಕಟ್ಟಿಸಿದ್ದನ್ನು ನಾನು ನೋಡಿಲ್ಲ.

ಮನೆಯವರಿಗೆ ಜಾರ್ಜ್ ಪಾದ್ರಿ ಆಗಬೇಕು ಅಂತ ಆಸೆ. ಹದಿನಾರನೇ ವಯಸ್ಸಿಗೆ ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಅಲ್ಲಿ ಮೇಲಿನವರಿಗೆ ಬೇರೆ ಊಟ, ಬೇರೆ ಮೇಜು. ಹೇಳುವುದು ಒಂದು, ನಡೆಯುವುದು ಇನ್ನೊಂದು ಅನ್ನಿಸಿ ಬಿಟ್ಟು ಬಂದರು. ಮಂಗಳೂರಿಗೆ ಮರಳಿ ಹೋಟೆಲ್ ಕಾರ್ಮಿಕರನ್ನು, ಬಸ್ಸಿನವರನ್ನು ಒಟ್ಟು ಸೇರಿಸಿದರು. ಆಮೇಲೆ ಮುಂಬೈ. ಕೆಲಸ ಇಲ್ಲ, ಮನೆ ಇಲ್ಲ. ರಾತ್ರಿ ಚೌಪಾಟಿ ಕಡಲತೀರದ ಬೆಂಚಿನ ಮೇಲೆ ಮಲಗುವುದು, ಪೊಲೀಸ್ ಬಂದು ಎಬ್ಬಿಸಿದರೆ ಎದ್ದು ಹೋಗುವುದು. ಕೊನೆಗೆ ಒಂದು ಪತ್ರಿಕೆಯಲ್ಲಿ ಪ್ರೂಫ್ ತಿದ್ದುವ ಕೆಲಸ ಸಿಕ್ಕಿತು. ಅಲ್ಲಿಂದ ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರ ಜೊತೆ, ಸಮಾಜವಾದಿ ನಾಯಕ ಲೋಹಿಯಾ ಅವರ ಜೊತೆ. ಮುಂದೆ ಹೋಟೆಲಿನವರು, ಟ್ಯಾಕ್ಸಿಯವರು, ಮುನಿಸಿಪಾಲಿಟಿ ನೌಕರರು ಎಲ್ಲ ಇವರ ಯೂನಿಯನ್ನಿಗೆ ಬಂದರು. 1967ರಲ್ಲಿ ದಕ್ಷಿಣ ಮುಂಬೈಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರಂಥ ಭಾರಿ ನಾಯಕರನ್ನೇ ಸೋಲಿಸಿ ಲೋಕಸಭೆಗೆ ಹೋದರು. ಅಪ್ಪಯ್ಯನಂಥ ಹುಡುಗರಿಗೆ ಅವರು ದೊಡ್ಡ ಲೀಡರ್ ಅಲ್ಲ, ಊರಿನವರು. ಕೊಂಕಣಿ, ತುಳು, ಕನ್ನಡ, ಮರಾಠಿ, ಹಿಂದಿ, ಯಾವುದರಲ್ಲಿ ಮಾತಾಡಿಸಿದರೂ ಅದರಲ್ಲೇ ಉತ್ತರ.

ಇದು ರೈಲಿನಲ್ಲೂ ಗೊತ್ತಾಗುತ್ತದೆ. ಮಂಗಳೂರಲ್ಲಿ ಹತ್ತಿದವರು ತುಳುವಿನಲ್ಲಿ ಮಾತಾಡುತ್ತಿದ್ದರು. ಭಟ್ಕಳ, ಕುಮಟಾ ಬರುವಾಗ ಸುತ್ತ ಕನ್ನಡ, ಕೊಂಕಣಿ. ಮರುದಿನ ಮಾಂಡೋವಿಯಲ್ಲಿ ಕುಡಾಳ ದಾಟಿದ ಮೇಲೆ ಪೂರ್ತಿ ಮರಾಠಿ. ಈ ದಾರಿಯ ಎಲ್ಲ ಭಾಷೆಯೂ ಬರುತ್ತಿದ್ದ ಮನುಷ್ಯ ಆತ.

1974ರ ಮೇ 8ರಂದು ಜಾರ್ಜ್ ಮುಂದಾಳತ್ವದಲ್ಲಿ ಶುರುವಾದ ರೈಲ್ವೆ ಮುಷ್ಕರ ಎಲ್ಲರಿಗೂ ಗೊತ್ತು. ಲಕ್ಷಾಂತರ ನೌಕರರು, ಇಪ್ಪತ್ತು ದಿನ. ಆಮೇಲೆ ತುರ್ತು ಪರಿಸ್ಥಿತಿ, ಭೂಗತ ಓಡಾಟ, ಸರ್ಕಾರದ ವಿರುದ್ಧ ಸ್ಫೋಟಕ್ಕೆ ಸಂಚು ಮಾಡಿದರು ಅನ್ನುವ ಬರೋಡಾ ಡೈನಮೈಟ್ ಪ್ರಕರಣ. ಜಾರ್ಜ್ ಅವರ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ಹಿಡಿದು ಹಿಂಸೆ ಕೊಟ್ಟರು. ಇದೇ ಪ್ರಕರಣದ ಹೆಸರಿನಲ್ಲಿ ಹಿಡಿದಿದ್ದ, ಕನ್ನಡ ಸಿನಿಮಾದಲ್ಲಿ ನಟಿಸಿದ್ದ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಆರೋಗ್ಯ ಕಳೆದುಕೊಂಡು, ಬಿಡುಗಡೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. ಆ ಹೆಸರು ಓದುವಾಗ ಈಗಲೂ ಸಂಕಟ ಆಗುತ್ತದೆ. 1977ರಲ್ಲಿ ಜಾರ್ಜ್ ಜೈಲಿನಲ್ಲೇ ಇದ್ದು, ಮುಜಫ್ಫರ್‌ಪುರದಿಂದ ಮೂರು ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು.

1989ರ ಡಿಸೆಂಬರಿನಲ್ಲಿ ರೈಲ್ವೆ ಮಂತ್ರಿ ಆದರು. ಇದ್ದದ್ದು ಒಂದು ವರ್ಷವೂ ಅಲ್ಲ. ಕೊಂಕಣಕ್ಕೆ ರೈಲು ಅನ್ನುವುದು ಹಳೆಯ ಕನಸು, ರಾಜಾಪುರದ ಎಂಪಿ ಮಧು ದಂಡವತೆ ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದರು. ಅದೃಷ್ಟಕ್ಕೆ ಆಗ ಹಣಕಾಸು ಮಂತ್ರಿ ಅವರೇ. ಬಜೆಟ್ಟಿನಲ್ಲಿ ವರ್ಷಕ್ಕೆ ಇಷ್ಟಿಷ್ಟು ಅಂತ ಕೊಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಹಾಗಾಗಿ ಬೇರೆಯೇ ಕಂಪನಿ ಮಾಡಿದರು. ನೂರರಲ್ಲಿ ಕೇಂದ್ರ 51 ಪಾಲು, ಮಹಾರಾಷ್ಟ್ರ 22, ನಮ್ಮ ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6. ಉಳಿದ ದುಡ್ಡು ಬಾಂಡ್ ಮಾರಿ ಎತ್ತುವುದು. 1990ರ ಜುಲೈಯಲ್ಲಿ ಕಂಪನಿ ನೋಂದಣಿ ಆಯಿತು, ಅದರ ಮುಖ್ಯಸ್ಥರಾಗಿ ಎಂಜಿನಿಯರ್ ಶ್ರೀಧರನ್ ಅವರನ್ನು ಕೂರಿಸಿದರು. ನವೆಂಬರಿನಲ್ಲಿ ಸರ್ಕಾರವೇ ಬಿತ್ತು. ಆದರೆ ಕೆಲಸ ನಿಲ್ಲಲಿಲ್ಲ. 1998ರಲ್ಲಿ ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ ರೈಲು ಪೂರ್ತಿ ಓಡಿತು. ಖುರ್ಚಿ ಹೋದ ಮೇಲೂ ನಡೆಯುವ ಹಾಗೆ ಕೆಲಸ ಕಟ್ಟಿಟ್ಟು ಹೋಗುವುದಿದೆಯಲ್ಲ, ನನಗೆ ಅವರಲ್ಲಿ ಅತಿ ಇಷ್ಟವಾದದ್ದು ಅದು.

ಮಾಂಡೋವಿಯ ಊಟದ ಬಗ್ಗೆ ಕೇಳಿದ್ದೆಲ್ಲ ನಿಜ. ಬಿಸಿ ಕಾಂದಾ ಭಜಿ ಬಂತು, ಸೂಪ್ ಬಂತು, ಆಮೇಲೆ ಬಿರಿಯಾನಿ. ಹಿಂದೊಮ್ಮೆ ಈ ದಾರಿಯ ಒಂದು ಸಣ್ಣ ಅಂಗಡಿಯಲ್ಲಿ ಹಳಸಿದ ವಡೆ ತಿಂದು ಒದ್ದಾಡಿದ್ದೆ. ಹಾಗಾಗಿ ಮನೆಯಿಂದ ಬನ್ಸ್ ಕಟ್ಟಿಕೊಂಡು ಬಂದಿದ್ದೆವು, ಅದು ಬ್ಯಾಗಿನಲ್ಲೇ ಉಳಿಯಿತು.

ರತ್ನಾಗಿರಿಗೆ ಸ್ವಲ್ಪ ಮೊದಲು ಪಾನ್‌ವಲ್ ಸೇತುವೆ ಬರುತ್ತದೆ, 64 ಮೀಟರ್ ಎತ್ತರ. ಕೆಲವೇ ಸೆಕೆಂಡು. ಫೋನ್ ತೆಗೆಯುವಷ್ಟರಲ್ಲಿ ಹೋಗಿಬಿಡುತ್ತದೆ, ಸುಮ್ನೆ ಕಣ್ಣಲ್ಲೇ ನೋಡಿ. ರತ್ನಾಗಿರಿ ಬಿಟ್ಟ ಮೇಲೆ ಕರಬುಡೆ ಸುರಂಗ, ಆರೂವರೆ ಕಿಲೋಮೀಟರ್. ಒಳಗೆ ಹೋದ ಕೂಡಲೇ ತಣ್ಣನೆಯ ಗಾಳಿ, ಒದ್ದೆ ಕಲ್ಲಿನ ವಾಸನೆ, ಪಕ್ಕದವರ ಮಾತೂ ಕೇಳದಷ್ಟು ಸದ್ದು. ಈ ಹಳಿ ಹಾಕುವಾಗ ಪ್ರಾಣ ಕಳೆದುಕೊಂಡ ಕಾರ್ಮಿಕರ ಸ್ಮಾರಕ ರತ್ನಾಗಿರಿಯಲ್ಲಿದೆ. ಸ್ಟೇಷನ್ ಬಂದಾಗ ಅಪ್ಪಯ್ಯ ಎದ್ದು ನಿಂತು, ಎಲ್ಲಿದೆ ಅಂತ ಗೊತ್ತಿಲ್ಲದೆಯೇ ಒಂದು ಕಡೆ ತಿರುಗಿ ಕೈ ಮುಗಿದರು.

ಜಾರ್ಜ್ ಬಗ್ಗೆ ನನಗೆ ಬೇಸರಗಳೂ ಇವೆ. 1979ರಲ್ಲಿ ತಾವೇ ಮಂತ್ರಿಯಾಗಿದ್ದ ಮೊರಾರ್ಜಿ ದೇಸಾಯಿ ಸರ್ಕಾರವನ್ನು ಸದನದಲ್ಲಿ ಗಟ್ಟಿಯಾಗಿ ಸಮರ್ಥಿಸಿ, ಹಿಂದೆಯೇ ರಾಜೀನಾಮೆ ಕೊಟ್ಟದ್ದು ಸರಿಯಲ್ಲ. ಸಮಾಜವಾದಿ ಅಂದುಕೊಂಡೇ ಬಿಜೆಪಿ ಜೊತೆ ಹೋದದ್ದು ಹಳೆಯ ಗೆಳೆಯರಿಗೆ ಕೊನೆವರೆಗೂ ನೋವಾಗಿಯೇ ಉಳಿಯಿತು. ರಕ್ಷಣಾ ಮಂತ್ರಿಯಾಗಿ ಮತ್ತೆ ಮತ್ತೆ ಸಿಯಾಚಿನ್‌ಗೆ ಹೋಗಿ ಸೈನಿಕರ ಜೊತೆ ಕೂತದ್ದು ಮಾತ್ರ ಪಕ್ಕಾ ಅವರದೇ ಗುಣ. ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆ. 2019ರ ಜನವರಿ 29ರಂದು ದೆಹಲಿಯಲ್ಲಿ ತೀರಿಕೊಂಡರು. ಅಷ್ಟು ಭಾಷೆ ಬರುತ್ತಿದ್ದವರು ಕೊನೆಗೆ ಮಾತೇ ಇಲ್ಲದೆ ಇದ್ದರು ಅನ್ನುವುದನ್ನು ನೆನೆಸಿಕೊಂಡರೆ ಅಳು ಬರುತ್ತದೆ.

ಅರ್ಧ ಅಂಕ ಕಡಿಮೆ ಕೊಟ್ಟದ್ದು ಒಂಟಿ ಹಳಿಗೆ. ಹೆಚ್ಚಿನ ದಾರಿ ಈಗಲೂ ಒಂದೇ ಹಳಿ, ಎದುರಿನ ಗಾಡಿಗೆ ದಾರಿ ಬಿಡಲು ನಿಲ್ಲಲೇಬೇಕು. ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ಇರುತ್ತದೆ, ಗಾಡಿ ನಿಧಾನ, ಸಮಯ ನೋಡಿಕೊಂಡು ಹೊರಡಿ. ಚೌತಿಯ ಹೊತ್ತಿಗೆ ಟಿಕೆಟ್ ಸಿಗುವುದು ಬಹಳ ಕಷ್ಟ. ವಯಸ್ಸಾದವರು ಜೊತೆಗಿದ್ದರೆ ಕೆಳಗಿನ ಬರ್ತ್ ಮೊದಲೇ ಹಿಡಿಯಿರಿ.

ರಾತ್ರಿ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಇಳಿದಾಗ ನನಗೆ ಸುಸ್ತು. ಅಪ್ಪಯ್ಯನಿಗೆ ಅಲ್ಲ. ಹೊರಗೆ ಬಂದು ಟ್ಯಾಕ್ಸಿಯವನ ಹತ್ತಿರ, ನನ್ನನ್ನು ಕೇಳದೆಯೇ, "ಚೌಪಾಟಿ" ಅಂದರು.