ಕ್ಯಾಲಿಫೋರ್ನಿಯಾ ರಾಜ್ಯ ತೆರಿಗೆಗೆ ಕ್ಯಾಲ್‌ಫೈಲ್: ಹಲವು ವರ್ಷ ಬಳಸಿದವನ ಅನಿಸಿಕೆ

ಬೆಂಗಳೂರಲ್ಲಿ ಕೆಲಸ ಮಾಡುವಾಗ ರಾಜ್ಯ ಸರ್ಕಾರಕ್ಕೆ ಅಂತ ಸಂಬಳದಿಂದ ಹೋಗುತ್ತಿದ್ದದ್ದು ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ. ಕಂಪನಿಯೇ ಹಿಡಿದು ಕಟ್ಟುತ್ತಿತ್ತು, ನಮಗೆ ರಿಟರ್ನ್ ಗಿಟರ್ನ್ ಅಂತ ತಲೆನೋವು ಇರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. ಫೆಡರಲ್ ಅಂದರೆ ಕೇಂದ್ರ ಸರ್ಕಾರದ ರಿಟರ್ನ್ ಒಂದು, ರಾಜ್ಯದ್ದು ಇನ್ನೊಂದು. ರಾಜ್ಯದ ದರವೇನೂ ಕಡಿಮೆ ಇಲ್ಲ. 1%ರಿಂದ 12.3%ವರೆಗೆ, ತೆರಿಗೆ ಬೀಳುವ ಆದಾಯ ಹತ್ತು ಲಕ್ಷ ಡಾಲರ್ ದಾಟಿದರೆ ಅದರ ಮೇಲೆ ಇನ್ನೂ 1%. ಟೆಕ್ಸಸ್‌ನಲ್ಲೋ ವಾಷಿಂಗ್ಟನ್ ರಾಜ್ಯದಲ್ಲೋ ಇರುವವರಿಗೆ ಸಂಬಳದ ಮೇಲೆ ಈ ತೆರಿಗೆಯೇ ಇಲ್ಲ. ಅವರು ಇದನ್ನು ಸುಮ್ನೆ ಮಜಾಕ್ಕೆ ಓದಬಹುದು.

ಇಲ್ಲಿ ಯುಗಾದಿ ಬರುವುದೂ ಟ್ಯಾಕ್ಸ್ ಸೀಸನ್ನಿನಲ್ಲೇ. ಹೋಳಿಗೆ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ "ನಿಮ್ದು ಫೈಲ್ ಆಯ್ತಾ?" ಅಂತ ಶುರುವಾಗುತ್ತದೆ. ವರ್ಷವರ್ಷ ನಾನು ಹೇಳುವುದು ಒಂದೇ: ಸಂಬಳದವರು ರಾಜ್ಯದ ರಿಟರ್ನ್‌ಗೆ ದುಡ್ಡು ಕೊಡಬೇಡಿ. ನಾನು ಮೊದಲು ಬಳಸುತ್ತಿದ್ದ ಸಾಫ್ಟ್‌ವೇರ್ (ಹೆಸರು ಬೇಡ) ಎಲ್ಲ ತುಂಬಿಸಿಕೊಂಡು, ಕೊನೆಯ ಪುಟದಲ್ಲಿ "ರಾಜ್ಯದ್ದಕ್ಕೆ ಬೇರೆ ಶುಲ್ಕ" ಅನ್ನುತ್ತಿತ್ತು. ಅಷ್ಟು ಹೊತ್ತಿಗೆ ಎದ್ದು ಹೋಗಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ.

ಕ್ಯಾಲ್‌ಫೈಲ್ ರಾಜ್ಯದ ತೆರಿಗೆ ಇಲಾಖೆ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್‌ನದೇ ಸೇವೆ. ಪೂರ್ತಿ ಉಚಿತ. ಆದರೆ ಇದು ರಾಜ್ಯದ ರಿಟರ್ನ್ ಮಾತ್ರ ಮಾಡುತ್ತದೆ, ಫೆಡರಲ್ ಕೆಲಸ ಮೊದಲೇ ಮುಗಿದಿರಬೇಕು. ಫೆಡರಲ್‌ಗೆ ಕೇಂದ್ರದ ತೆರಿಗೆ ಇಲಾಖೆ ಐಆರ್‌ಎಸ್‌ನ ಡೈರೆಕ್ಟ್ ಫೈಲ್ 2024ರಲ್ಲಿ ಕ್ಯಾಲಿಫೋರ್ನಿಯಾ ಸೇರಿ 12 ರಾಜ್ಯಗಳಲ್ಲಿ ಪ್ರಯೋಗಕ್ಕೆ ಬಂತು, ಅದೂ ಉಚಿತ. ಎರಡೂ ಸೇರಿ ಒಳ್ಳೆ ಜೋಡಿಯಾಗಿತ್ತು. 2026ರ ಸೀಸನ್‌ಗೆ ಡೈರೆಕ್ಟ್ ಫೈಲ್ ನಿಲ್ಲಿಸಿಬಿಟ್ಟರು. ಬೇಜಾರಿನ ವಿಷಯ.

1040 (ಫೆಡರಲ್ ರಿಟರ್ನ್) ಪ್ರತಿ, ಡಬ್ಲ್ಯೂ-2 (ಕಂಪನಿ ಕೊಡುವ ಸಂಬಳ, ತೆರಿಗೆಯ ಪತ್ರ), ಬ್ಯಾಂಕಿನ 1099ಗಳು (ಬಡ್ಡಿ ಆದಾಯದ ಪತ್ರಗಳು) ಪಕ್ಕದಲ್ಲಿದ್ದರೆ ಕೂತ ಕಡೆಯೇ ಮುಗಿಯುತ್ತದೆ. ಕಂಪನಿ ತೋರಿಸಿದ ಸಂಬಳ, ಹಿಡಿದ ತೆರಿಗೆ ಬೋರ್ಡಿನ ಆನ್‌ಲೈನ್ ಮೈಎಫ್‌ಟಿಬಿ ಖಾತೆಯಲ್ಲೂ ಕಾಣುತ್ತದೆ, ತಾಳೆ ನೋಡಿಕೊಳ್ಳಬಹುದು.

ಡಬ್ಲ್ಯೂ-2 ಹಿಡಿದಾಗ ಒಂದು ಕಡೆ ಕಣ್ಣಿಡಿ. ಬಾಕ್ಸ್ 1ರಲ್ಲಿರುವುದು ಫೆಡರಲ್ ಸಂಬಳ, 16ರಲ್ಲಿರುವುದು ರಾಜ್ಯದ ಸಂಬಳ. ನಿಮಗೆ ಎಚ್‌ಎಸ್‌ಎ (ಆರೋಗ್ಯ ಖರ್ಚಿಗೆ ಅಂತ ದುಡ್ಡು ಉಳಿಸುವ ಖಾತೆ) ಇದ್ದರೆ 16 ಜಾಸ್ತಿ ಇರಬೇಕು. ಬಾಕ್ಸ್ 12ರಲ್ಲಿ ಡಬ್ಲ್ಯೂ ಕೋಡ್ ಪಕ್ಕ ಇರುವ ಮೊತ್ತ ನೋಡಿ, ವ್ಯತ್ಯಾಸ ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ಫೆಡರಲ್‌ನಲ್ಲಿ ಎಚ್‌ಎಸ್‌ಎಗೆ ಹಾಕಿದ ದುಡ್ಡಿಗೆ ತೆರಿಗೆ ಇಲ್ಲ, ಕ್ಯಾಲಿಫೋರ್ನಿಯಾ ಮಾತ್ರ ಒಪ್ಪುವುದಿಲ್ಲ. ಆ ಖಾತೆಯಲ್ಲಿ ಬಂದ ಬಡ್ಡಿಗೂ ಇಲ್ಲಿ ತೆರಿಗೆ. ಎರಡೂ ಬಾಕ್ಸ್ ಒಂದೇ ಇದ್ದರೆ ಪೇರೋಲ್‌ನವರನ್ನು ಕೇಳಿ.

ನಮ್ಮವರಿಗೆ ನಿಜವಾಗಿ ಬಿಸಿ ತಟ್ಟುವುದು ಊರಿನ ಎಫ್‌ಡಿ ವಿಷಯದಲ್ಲಿ. ಎನ್‌ಆರ್‌ಇ (ಹೊರದೇಶದ ಗಳಿಕೆ ಇಡುವ ಅನಿವಾಸಿ ಖಾತೆ) ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಅಂತ ಬ್ಯಾಂಕಿನವರು ಹೇಳುವುದು ನಿಜ. ಆದರೆ ಇಲ್ಲಿನ ರೆಸಿಡೆಂಟ್ ಆದ ಮೇಲೆ ಅದು ಫೆಡರಲ್‌ಗೂ ಬರುತ್ತದೆ, ರಾಜ್ಯಕ್ಕೂ ಬರುತ್ತದೆ. ಎನ್‌ಆರ್‌ಒ, ಅಂದರೆ ಊರಿನ ಆದಾಯ ಇಡುವ ಅನಿವಾಸಿ ಖಾತೆಯದು ಇನ್ನೂ ಸಂಕಟ. ಅಲ್ಲಿ 30% ಟಿಡಿಎಸ್, ಮೇಲೆ ಸೆಸ್. ಭಾರತದಲ್ಲಿ ಕಟ್ಟಿದ್ದಕ್ಕೆ ಫೆಡರಲ್‌ನಲ್ಲಿ ಫಾರ್ಮ್ 1116 ಹಾಕಿ ಕ್ರೆಡಿಟ್ ತಗೋಬಹುದು. ಕ್ಯಾಲಿಫೋರ್ನಿಯಾ ಬೇರೆ ದೇಶಕ್ಕೆ ಕಟ್ಟಿದ ತೆರಿಗೆಗೆ ಕ್ರೆಡಿಟ್ ಕೊಡುವುದಿಲ್ಲ. ಬೇರೆ ರಾಜ್ಯಕ್ಕೆ ಕಟ್ಟಿದ್ದರೆ ಸರಿ, ಬೇರೆ ದೇಶ ಅಂದರೆ ಇಲ್ಲ. ಅಂದರೆ ಅಪ್ಪನ ಹೆಸರಿನ ಜೊತೆ ನಿಮ್ಮ ಹೆಸರೂ ಸೇರಿಸಿ ಇಟ್ಟ ಆ ಹಳೇ ಡೆಪಾಸಿಟ್ ಯಾರ ದುಡ್ಡು, ಬಡ್ಡಿ ಯಾರದ್ದು ಅಂತ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಅದೇ ಅಮೆರಿಕ ಸರ್ಕಾರದ ಟ್ರೆಷರಿ ಬಾಂಡ್ ಬಡ್ಡಿಗೆ ಯಾವ ರಾಜ್ಯವೂ ತೆರಿಗೆ ಹಾಕುವುದಿಲ್ಲ. ಇದನ್ನು ರಾಜ್ಯದ ಲೆಕ್ಕದಲ್ಲಿ ಕಳೆಯುವುದು ನಮ್ಮದೇ ಕೆಲಸ.

ಸಣ್ಣಪುಟ್ಟ ಪ್ರಶ್ನೆಗಳನ್ನೂ ದಾಟಿಸಿ ಓಡಬೇಡಿ. ವರ್ಷದಲ್ಲಿ ಅರ್ಧಕ್ಕಿಂತ ಕಡಿಮೆ ಇಲ್ಲದಷ್ಟು ಕಾಲ ಬಾಡಿಗೆ ಮನೆಯಲ್ಲಿದ್ದು, ಆದಾಯ ಮಿತಿಯೊಳಗಿದ್ದರೆ ಒಂಟಿಯವರಿಗೆ 60 ಡಾಲರ್, ಜಂಟಿಯಾಗಿ ಫೈಲ್ ಮಾಡುವವರಿಗೆ 120 ಡಾಲರ್ ಕ್ರೆಡಿಟ್ ಇದೆ. ಬೇ ಏರಿಯಾ ಬಾಡಿಗೆಗೆ ಇದು ಯಾವ ಮೂಲೆಗೂ ಸಾಲದು, ಆದರೂ ಬಿಡುವುದೇಕೆ? ಆರೋಗ್ಯ ವಿಮೆ ವರ್ಷಪೂರ್ತಿ ಇತ್ತಾ ಅನ್ನುವ ಪ್ರಶ್ನೆ ಮುಖ್ಯ. 2020ರಿಂದ ವಿಮೆ ಇಲ್ಲದವರಿಗೆ ದಂಡ ಇದೆ. ಹೊರ ರಾಜ್ಯದಿಂದ ಸೇಲ್ಸ್ ಟ್ಯಾಕ್ಸ್ ಇಲ್ಲದೆ ತರಿಸಿದ ವಸ್ತುವಿಗೆ ಯೂಸ್ ಟ್ಯಾಕ್ಸ್ ಕೇಳುತ್ತಾರೆ. ಆಮೇಲೆ ದೇಣಿಗೆಯ ಒಂದು ಉದ್ದ ಪಟ್ಟಿ. ಅದರಲ್ಲಿ ಕಡಲ ನೀರುನಾಯಿಗೂ ಒಂದು ನಿಧಿ! ತೆರಿಗೆ ಫಾರ್ಮಿನಲ್ಲಿ ನನ್ನ ಮಗಳಿಗೆ ಇಷ್ಟವಾದ ಸಾಲು ಅದೊಂದೇ.

ಎಸ್‌ಡಿಐ (ರಾಜ್ಯದ ಅಂಗವೈಕಲ್ಯ ವಿಮೆಗೆ ಸಂಬಳದಿಂದ ಹಿಡಿಯುವ ದುಡ್ಡು) ಬಗ್ಗೆಯೂ ಕೆಲವರು ಕೇಳುತ್ತಾರೆ. 2023ರವರೆಗೆ ವರ್ಷದ ನಡುವೆ ಕಂಪನಿ ಬದಲಿಸಿ, ಎರಡೂ ಕಡೆ ಸೇರಿ ಮಿತಿಗಿಂತ ಜಾಸ್ತಿ ಹಿಡಿದಿದ್ದರೆ ಅದು ರಿಟರ್ನ್‌ನಲ್ಲಿ ವಾಪಸ್ ಬರುತ್ತಿತ್ತು. 2024ರಿಂದ ಸಂಬಳದ ಆ ಮಿತಿಯನ್ನೇ ತೆಗೆದರು. ಎಷ್ಟು ಸಂಬಳವೋ ಅಷ್ಟಕ್ಕೂ ಎಸ್‌ಡಿಐ.

ಇನ್ನು ಎಲ್ಲಿ ನಡೆಯುವುದಿಲ್ಲ ಅಂತ. ವರ್ಷದ ಮಧ್ಯೆ ನ್ಯೂಜೆರ್ಸಿಯಿಂದಲೋ ಭಾರತದಿಂದಲೋ ಬಂದವರಿಗೆ ಕ್ಯಾಲ್‌ಫೈಲ್ ಅಲ್ಲ. ಅವರದು 540 ಎನ್‌ಆರ್ ಫಾರ್ಮ್, ದಾರಿಯೇ ಬೇರೆ. ವರ್ಷಪೂರ್ತಿ ಇಲ್ಲೇ ಇದ್ದವರಿಗೂ ಆದಾಯದ ಮಿತಿ ಇದೆ, ಯಾವ ಬಗೆಯ ಆದಾಯ ನಡೆಯುತ್ತದೆ ಅನ್ನುವ ಪಟ್ಟಿಯೂ ಇದೆ. ಅದನ್ನು ಓದಿಯೇ ಶುರು ಮಾಡಿ. ಮತ್ತೆ, ಇದು ಕೇಳಿದ್ದಕ್ಕೆ ಲೆಕ್ಕ ಹಾಕುತ್ತದೆ ಅಷ್ಟೇ. ಹೀಗೆ ಮಾಡಿದರೆ ಉಳಿಯುತ್ತದೆ ಅಂತ ಸಲಹೆ ಕೊಡುವುದಿಲ್ಲ. ನನಗೆ ಅದೇ ಇಷ್ಟ. ಇನ್ನೇನೋ ಕೊಳ್ಳಿ ಅಂತ ನಡುವೆ ಯಾರೂ ಬಾಗಿಲು ಬಡಿಯುವುದಿಲ್ಲ.

ರೀಫಂಡ್ ಇದ್ದರೆ ನೇರ ಬ್ಯಾಂಕಿಗೆ ಹಾಕಿಸಿಕೊಳ್ಳಿ, ಎರಡು ಖಾತೆಗೆ ಹಂಚಲೂ ಬಹುದು. ಏಪ್ರಿಲ್ 15ಕ್ಕೆ ಆಗಲಿಲ್ಲವಾ? ಯಾವ ಅರ್ಜಿಯೂ ಬೇಡ, ಅಕ್ಟೋಬರ್ 15ರವರೆಗೆ ಸಮಯ ತಾನಾಗಿಯೇ ಸಿಗುತ್ತದೆ. ಫೈಲ್ ಮಾಡಲು ಮಾತ್ರ. ಕಟ್ಟಬೇಕಾದ ದುಡ್ಡು ಏಪ್ರಿಲ್‌ಗೇ ಹೋಗಬೇಕು. ಇಲ್ಲದಿದ್ದರೆ ಬಡ್ಡಿ ಶುರು. ಅಂದಾಜು ಮೊತ್ತವನ್ನು ಬೋರ್ಡಿನ ಆನ್‌ಲೈನ್ ಪಾವತಿ ಸೇವೆ ವೆಬ್‌ಪೇನಲ್ಲಿ ಕಟ್ಟಿ, ರಸೀದಿಯ ಪಿಡಿಎಫ್ ಇಟ್ಟುಕೊಳ್ಳಿ.