ಓಎಸ್ ಹಾಕುವಾಗಲೇ ಕಂಪ್ಯೂಟರ್ ಹ್ಯಾಂಗ್ ಆಗುತ್ತಿದೆಯಾ? ಡಿಸ್ಕ್ ಅಳಿಸುವ ಮುಂಚೆ ಇದನ್ನು ಓದಿ

ನೇರವಾಗಿ ವಿಷಯಕ್ಕೆ ಬರುತ್ತೇನೆ. ವಿಂಡೋಸ್ ಹೊಸದಾಗಿ ಹಾಕುತ್ತಿರುವಾಗಲೇ ಕಂಪ್ಯೂಟರ್ ಹ್ಯಾಂಗ್ ಆಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಯಾರು ಏನೇ ಹೇಳಲಿ, ಪಾರ್ಟಿಷನ್ (ಡಿಸ್ಕಿನಲ್ಲಿ ಸಿ, ಡಿ ಅಂತ ಮಾಡಿಟ್ಟ ಭಾಗಗಳು) ಅಳಿಸಬೇಡಿ. ಮೊದಲು ರ‍್ಯಾಮ್ ಪರೀಕ್ಷೆ ಮಾಡಿ, ಡಿಸ್ಕ್ ಹೇಗಿದೆ ನೋಡಿ, ಮಿಕ್ಕಿದ್ದು ಆಮೇಲೆ. ಸಹಾಯವಾಣಿಯವರು ನನ್ನ ಕೈಲಿ ಇದನ್ನೆಲ್ಲ ಉಲ್ಟಾ ಮಾಡಿಸಿದರು, ಹಳೆಯ ಫೋಟೋಗಳಲ್ಲಿ ಒಂದಷ್ಟು ಮತ್ತೆ ಸಿಗದಂತೆ ಹೋದವು.

ನನ್ನದು ಡೆಸ್ಕ್‌ಟಾಪ್, ವಾರಂಟಿ ಇನ್ನೂ ಇತ್ತು. ಕೆಲಸ ಮಾಡುತ್ತಿರುವಾಗ ಪರದೆ ಇದ್ದಕ್ಕಿದ್ದಂತೆ ಹಾಗೇ ನಿಂತುಬಿಡುತ್ತಿತ್ತು. ಕೆಲವು ಸಲ ನೀಲಿ ಪರದೆ ಬಂದು ರೀಸ್ಟಾರ್ಟ್ ಆಗುತ್ತಿತ್ತು, ಅದರಲ್ಲಿ ತೋರಿಸುವ ಕಾರಣ ಮಾತ್ರ ಪ್ರತಿ ಸಲ ಬೇರೆ ಬೇರೆ. ಸಹಾಯವಾಣಿಗೆ ಫೋನ್ ಮಾಡಿದರೆ ಸರಿಯಾಗಿ ಕೇಳಿಸಿಕೊಳ್ಳುವ ಮುಂಚೆಯೇ "ವಿಂಡೋಸ್ ಕರಪ್ಟ್ ಆಗಿದೆ ಸರ್, ರೀಇನ್‌ಸ್ಟಾಲ್ ಮಾಡಿ" ಎಂದರು. ಬ್ಯಾಕಪ್ ತಗೊಳ್ಳಿ ಅಂತಲೂ ಹೇಳಿದರು, ಅದು ಸರಿಯಾದ ಮಾತೇ. ತಗೊಂಡೆ. ಹೊರಗಿನ ಹಾರ್ಡ್ ಡಿಸ್ಕಿಗೆ ಎಲ್ಲವೂ ಕಾಪಿ ಆಯಿತು, ಒಂದು ಎರರ್ ಕೂಡ ಬರಲಿಲ್ಲ.

ಆಮೇಲೆ ಪೆನ್ ಡ್ರೈವ್‌ನಿಂದ ಇನ್‌ಸ್ಟಾಲ್ ಶುರು ಮಾಡಿದೆ. ಫೈಲುಗಳನ್ನು ಕಾಪಿ ಮಾಡುವ ಹಂತದಲ್ಲಿ ಶೇಕಡಾ ಅಂಕಿ ಅರ್ಧದ ಹತ್ತಿರ ಹೋಗಿ ನಿಂತಿತು. ಮೌಸ್ ಅಲ್ಲಾಡಲಿಲ್ಲ. ಇಲ್ಲಿ ಒಂದು ಮಾತು. ನಿಜವಾಗಿ ಹ್ಯಾಂಗ್ ಆಗಿದೆಯೋ ಅಥವಾ ಬರೀ ನಿಧಾನವೋ ಅಂತ ತಿಳಿಯಲು ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಇನ್ನೂ ಬದುಕಿದೆ, ಕಾಯಿರಿ, ಹಳೆಯ ಹಾರ್ಡ್ ಡಿಸ್ಕ್ ಆದರೆ ಒಂದೇ ಅಂಕಿಯಲ್ಲಿ ತುಂಬಾ ಹೊತ್ತು ನಿಲ್ಲುವುದು ಉಂಟು. ದೀಪವೂ ಅಲ್ಲಾಡದಿದ್ದರೆ ಪವರ್ ಬಟನ್ ಒತ್ತಿ ಹಿಡಿಯದೆ ಬೇರೆ ದಾರಿಯಿಲ್ಲ. ನನ್ನದು ಅಲ್ಲಾಡಲಿಲ್ಲ.

ಮತ್ತೆ ಹಾಕಿದರೆ ಈ ಸಲ ಶುರುವಿನಲ್ಲೇ ನಿಂತಿತು. ಇನ್ನೊಂದು ಸಲ, ಬೇಕಾದ ಫೈಲ್ ಕಾಣೆಯಾಗಿದೆ ಅಥವಾ ಕೆಟ್ಟಿದೆ ಎಂಬ ಸಂದೇಶ ಬಂತು. ಅದೇ ಪೆನ್ ಡ್ರೈವ್ ಇನ್ನೊಂದು ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಇದನ್ನೆಲ್ಲ ಹೇಳಿದರೂ ಫೋನಿನ ಆ ಕಡೆಯವರದು ಒಂದೇ ಹಾಡು: "ಹಳೆಯ ಪಾರ್ಟಿಷನ್ ತೊಂದರೆ ಕೊಡುತ್ತಿದೆ ಸರ್, ಬ್ಯಾಕಪ್ ಇದೆಯಲ್ಲ, ಎಲ್ಲ ಡಿಲೀಟ್ ಮಾಡಿ ಖಾಲಿ ಜಾಗಕ್ಕೆ ಹಾಕಿ." ಅವರು ಹೇಳಿದಂತೆಯೇ ಸಿ, ಡಿ ಎಲ್ಲ ಅಳಿಸಿದ್ದಾಯಿತು. ಆಮೇಲೂ ಹ್ಯಾಂಗ್ ಆಯಿತು. ಆಗಲೇಬೇಕಿತ್ತು, ಯಾಕೆಂದರೆ ಕೆಟ್ಟಿದ್ದದ್ದು ರ‍್ಯಾಮ್.

ಹ್ಯಾಂಗ್ ಎಲ್ಲಿ ಆಗುತ್ತದೆ ಅನ್ನುವುದೇ ದೊಡ್ಡ ಸುಳಿವು. ಪ್ರತಿ ಸಲ ಸರಿಯಾಗಿ ಅದೇ ಜಾಗದಲ್ಲಿ ನಿಂತರೆ ಪೆನ್ ಡ್ರೈವ್‌ನಲ್ಲಿರುವ ಫೈಲ್ ಕೆಟ್ಟಿರಬಹುದು, ಡಿಸ್ಕಿನಲ್ಲಿ ಅದೇ ಭಾಗ ಹಾಳಾಗಿರಬಹುದು, ಇಲ್ಲ ಯಾವುದೋ ಒಂದು ಡ್ರೈವರ್ ಅಥವಾ ಸಿಕ್ಕಿಸಿದ ಸಾಧನದ ಕಾಟ ಇರಬಹುದು. ಸಲಕ್ಕೊಂದು ಜಾಗದಲ್ಲಿ ನಿಂತರೆ ರ‍್ಯಾಮ್, ಬಿಸಿ, ಪವರ್ ಸಪ್ಲೈ, ಈ ಮೂರರ ಮೇಲೆ ಮೊದಲು ಅನುಮಾನ ಪಡಬೇಕು. ಇದು ನೂರಕ್ಕೆ ನೂರು ಗ್ಯಾರಂಟಿ ಅಲ್ಲ, ಆದರೆ ಎಲ್ಲಿಂದ ಹುಡುಕಬೇಕು ಅನ್ನುವುದಕ್ಕೆ ಸಾಕು. ಇನ್‌ಸ್ಟಾಲ್ ಮಾಡುವಾಗ ಹಳೆಯ ವಿಂಡೋಸ್ ಓಡುತ್ತಲೇ ಇರುವುದಿಲ್ಲ ಅಲ್ವಾ? ಪೆನ್ ಡ್ರೈವ್‌ನಿಂದ ಬೇರೆಯೇ ಒಂದು ಪುಟ್ಟ ವಿಂಡೋಸ್ ಬಂದು ರ‍್ಯಾಮ್‌ನಲ್ಲಿ ಕೂತು ಕೆಲಸ ಮಾಡುತ್ತದೆ. ಅದೂ ಹ್ಯಾಂಗ್ ಆಗುತ್ತಿದೆ ಎಂದರೆ ಹಳೆಯ ವಿಂಡೋಸ್ ಮೇಲೆ ತಪ್ಪು ಹೊರಿಸುವುದರಲ್ಲಿ ಅರ್ಥವೇ ಇಲ್ಲ. ಸಹಾಯವಾಣಿಯಲ್ಲಿ ಕೂತವರಿಗೆ ಇಷ್ಟು ಗೊತ್ತಿರಬೇಡವೇ?

ಈಗ ನನಗೆ ನಿಜವಾಗಿ ಹೊಟ್ಟೆ ಉರಿಸಿದ ವಿಷಯ. ಬ್ಯಾಕಪ್ ತೆರೆದು ನೋಡಿದರೆ ಕೆಲವು ಫೋಟೋಗಳು ಮೇಲರ್ಧ ಸರಿ, ಕೆಳಗರ್ಧ ಬೂದು ಬಣ್ಣ. ಕೆಲವು ಜಿಪ್ ಫೈಲುಗಳು ಬಿಚ್ಚಲೇ ಇಲ್ಲ. ನೀವು ಕಾಪಿ ಮಾಡುವ ಪ್ರತಿ ಫೈಲೂ ರ‍್ಯಾಮ್ ಮೂಲಕವೇ ಹಾದು ಹೋಗುತ್ತದೆ, ರ‍್ಯಾಮ್ ಕೆಟ್ಟಿದ್ದರೆ ದಾರಿಯಲ್ಲೇ ಒಂದೆರಡು ಬಿಟ್ ಬದಲಾಗಬಹುದು, ಮನೆಯಲ್ಲಿ ಬಳಸುವ ಹೆಚ್ಚಿನ ಕಂಪ್ಯೂಟರುಗಳಲ್ಲಿ ಅದನ್ನು ಹಿಡಿಯುವ ಇಸಿಸಿ ರ‍್ಯಾಮ್ ಇರುವುದಿಲ್ಲ, ವಿಂಡೋಸ್ ಕೂಡ ಕಾಪಿ ಮುಗಿಯಿತು ಅಂತ ಸುಮ್ನೆ ತೋರಿಸಿಬಿಡುತ್ತದೆ. ಅಂದರೆ ರೋಗ ಇರುವ ಯಂತ್ರದಲ್ಲೇ ತೆಗೆದ ಬ್ಯಾಕಪ್ ನಂಬುವಂಥದ್ದಲ್ಲ. ಮೂಲ ಫೈಲುಗಳು ಬಹುಶಃ ಡಿಸ್ಕಿನಲ್ಲಿ ಚೆನ್ನಾಗಿಯೇ ಇದ್ದವು. ಆದರೆ ಅದು ಚಿಪ್‌ಗಳಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ. ಹಳೆಯ ಹಾರ್ಡ್ ಡಿಸ್ಕಿನಲ್ಲಾದರೆ ಪಾರ್ಟಿಷನ್ ಅಳಿಸಿದರೂ ಮೇಲೆ ಬೇರೇನೂ ಬರೆಯದಿದ್ದರೆ ರಿಕವರಿ ಸಾಫ್ಟ್‌ವೇರ್ ಹಾಕಿ ಏನಾದರೂ ತೆಗೆಯಬಹುದು. ಎಸ್‌ಎಸ್‌ಡಿಯಲ್ಲಿ ಫಾರ್ಮ್ಯಾಟ್ ಆಗುವಾಗ ಟ್ರಿಮ್ ಅನ್ನುವ ಆಜ್ಞೆ ಹೋಗುತ್ತದೆ, ಆ ಜಾಗವನ್ನು ಡಿಸ್ಕೇ ಒಳಗೊಳಗೆ ಖಾಲಿ ಮಾಡಿಬಿಡುತ್ತದೆ. ಆಮೇಲೆ ವಾಪಸ್ ಬರುವ ಆಸೆ ಇಟ್ಟುಕೊಳ್ಳಬೇಡಿ.

ಹಾಗಾಗಿ ನಿಮ್ಮದು ಇಂಥ ಸ್ಥಿತಿಯಲ್ಲಿದ್ದರೆ ಡಿಸ್ಕ್ ಬಿಚ್ಚಿ ಬೇರೆ ಒಳ್ಳೆಯ ಕಂಪ್ಯೂಟರಿಗೆ ಸಿಕ್ಕಿಸಿ ಕಾಪಿ ಮಾಡಿಕೊಳ್ಳಿ, ಕಾಪಿ ಆದ ಮೇಲೆ ಅಲ್ಲೊಂದು ಇಲ್ಲೊಂದು ಫೈಲ್ ತೆರೆದು ನೋಡಿ. ಡಿಸ್ಕಿಗೆ ಬೀಗ ಹಾಕುವ (ಎನ್‌ಕ್ರಿಪ್ಟ್ ಮಾಡುವ) ವಿಂಡೋಸಿನ ಬಿಟ್‌ಲಾಕರ್ ಇದ್ದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ನಾನು ಬಿಟ್‌ಲಾಕರ್ ಹಾಕೇ ಇಲ್ಲ ಅನ್ನಬೇಡಿ, ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟಪ್ ಮಾಡಿದರೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರಬಹುದು. ಆ ಕೀ ಸಾಮಾನ್ಯವಾಗಿ ಅದೇ ಖಾತೆಯಲ್ಲಿ ಸಿಗುತ್ತದೆ, ಫೋನಿನಿಂದಲೇ ನೋಡಬಹುದು.

ರ‍್ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86 ಸಾಕು, ಉಚಿತ. ಪೆನ್ ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಿ. ಪೂರ್ತಿ ಮುಗಿಯಲು ಗಂಟೆಗಟ್ಟಲೆ ಬೇಕು, ರಾತ್ರಿ ಹಚ್ಚಿ ಮಲಗಿ. ಒಂದೇ ಒಂದು ಎರರ್ ಬಂದರೂ ಅದು ಫೇಲ್, ಒಂದೇ ತಾನೇ ಅಂತ ಬಿಡುವ ಹಾಗಿಲ್ಲ. ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) ಮೆಮೊರಿ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆನ್ ಇದ್ದರೆ ಆಫ್ ಮಾಡಿ ಮತ್ತೆ ಪರೀಕ್ಷಿಸಿ, ಕೆಲವು ಸಲ ರ‍್ಯಾಮ್ ಚೆನ್ನಾಗಿದ್ದು ವೇಗ ಜಾಸ್ತಿಯಾಗಿರುವುದೇ ತೊಂದರೆ. ಎರಡು ರ‍್ಯಾಮ್ ಇದ್ದರೆ ಪವರ್ ಕೇಬಲ್ ಕಿತ್ತು, ಒಂದೊಂದನ್ನೇ ಹಾಕಿ, ಸ್ಲಾಟ್ ಬದಲಿಸಿ ನೋಡಿ. ನನ್ನದರಲ್ಲಿ ಒಂದನ್ನು ತೆಗೆದ ತಕ್ಷಣ ಎರರ್ ನಿಂತಿತು, ಅದನ್ನೊಂದೇ ಹಾಕಿದರೆ ಯಾವ ಸ್ಲಾಟಿನಲ್ಲಾದರೂ ಪರದೆ ತುಂಬ ಕೆಂಪು ಸಾಲುಗಳು.

ಡಿಸ್ಕಿನ ಆರೋಗ್ಯ ತಿಳಿಯಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಸಾಫ್ಟ್‌ವೇರ್ ಹಾಕಿ ನೋಡಿ. ವಿಂಡೋಸ್ ಓಡುತ್ತಿಲ್ಲವಾದರೆ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದಾಗಲೇ ನೋಡಿಕೊಳ್ಳಬಹುದು. ಹಾರ್ಡ್ ಡಿಸ್ಕಿನಲ್ಲಿ ರೀಅಲೊಕೇಟೆಡ್ ಅಥವಾ ಪೆಂಡಿಂಗ್ ಸೆಕ್ಟರ್ (ಕೆಟ್ಟ ಅಥವಾ ಕೆಟ್ಟಿರಬಹುದಾದ ಜಾಗಗಳು) ಅಂಕಿ ಏರುತ್ತಾ ಇದ್ದರೆ ಆ ಡಿಸ್ಕಿನ ಕಥೆ ಮುಗಿಯುತ್ತಾ ಬಂದಿದೆ, ಅದರ ಮೇಲೆ ವಿಂಡೋಸಿನ ಡಿಸ್ಕ್ ತಪಾಸಣೆ ಚೆಕ್‌ಡಿಸ್ಕ್ ಓಡಿಸಿ ಇನ್ನಷ್ಟು ಸತಾಯಿಸಬೇಡಿ, ಮೊದಲು ಡೇಟಾ ತೆಗೆಯಿರಿ. ಸಿಆರ್‌ಸಿ ಎರರ್ (ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ) ಮಾತ್ರ ಏರುತ್ತಿದ್ದರೆ ಬರೀ ಡಿಸ್ಕನ್ನು ಜೋಡಿಸುವ ಸಾಟಾ ಕೇಬಲ್ ಸಡಿಲ ಇರಬಹುದು, ಅಗ್ಗದಲ್ಲಿ ಪಾರಾದಿರಿ. ಇನ್ನು ಪ್ರಿಂಟರ್, ಹೊರಗಿನ ಡಿಸ್ಕ್, ಡಾಂಗಲ್ ಎಲ್ಲ ಕಿತ್ತಿಟ್ಟು, ಪೆನ್ ಡ್ರೈವ್ ಬೇರೆ ಪೋರ್ಟಿಗೆ ಹಾಕಿ ನೋಡುವುದು ಹೇಗೂ ಮಾಡಬೇಕಾದ ಕೆಲಸ.

ಸಹಾಯವಾಣಿಗೆ ಫೋನ್ ಮಾಡುವವರಿಗೆ ಇನ್ನೊಂದು ಮಾತು. "ಹ್ಯಾಂಗ್ ಆಗುತ್ತಿದೆ" ಎಂದಷ್ಟೇ ಹೇಳಿದರೆ ಅವರು ಮುಂದಿರುವ ಪಟ್ಟಿ ಓದುತ್ತಾರೆ, ಆ ಪಟ್ಟಿಯಲ್ಲಿ ರೀಇನ್‌ಸ್ಟಾಲ್ ಬೇಗ ಬಂದುಬಿಡುತ್ತದೆ. ಮೆಮ್‌ಟೆಸ್ಟ್ ಪರದೆಯ ಫೋಟೋ ತೆಗೆದು ಮೇಲ್ ಮಾಡಿ, ಆಮೇಲೆ ಮಾತಾಡಿ. ನಾನು ಆ ಪರದೆಯ ಫೋಟೋ ಕಳಿಸಿದ ಮೇಲೆ ರೀಇನ್‌ಸ್ಟಾಲ್ ಸುದ್ದಿಯೇ ಬರಲಿಲ್ಲ, ವಾರಂಟಿಯಲ್ಲಿ ಹೊಸ ರ‍್ಯಾಮ್ ಕಳಿಸಿದರು, ವಿಂಡೋಸ್ ಎಲ್ಲೂ ನಿಲ್ಲದೆ ಒಂದೇ ಸಲಕ್ಕೆ ಕೂತಿತು. ಹೋದ ಫೋಟೋಗಳ ಬಗ್ಗೆ ಕೇಳಿದರೆ, ಡೇಟಾಗೆ ಕಂಪನಿ ಜವಾಬ್ದಾರಿ ಅಲ್ಲ ಎಂದು ವಾರಂಟಿ ಷರತ್ತಿನಲ್ಲೇ ಇದೆಯಂತೆ.