ದಿಲ್ಲಿಗೆ ಹೊಂಟೀರಾ? ರಾಜಘಾಟೋ ಗಾಂಧಿ ಸ್ಮೃತಿನೋ, ಇಂಡಿಯಾ ಗೇಟೋ ಯುದ್ಧ ಸ್ಮಾರಕನೋ
ನಮ್ಮ ರಾಯಚೂರು, ಸಿಂಧನೂರು ಕಡಿಯಿಂದ ದಿಲ್ಲಿ ನೋಡಾಕ ಹೋಗೋ ಮಂದಿ ಬಾಳ ಅದಾರ, ರಾಯಚೂರಾಗ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದ್ರ ಸೀದಾ ದಿಲ್ಲಿ. ಆದ್ರ ಅಲ್ಲಿ ಟೂರಿಸ್ಟ್ ಬಸ್ಸಿನವ್ರು ಇಳಿಸಿದಲ್ಲಿ ಇಳಿದು, ಫೋಟೋ ಹೊಡ್ಕೊಂಡು, ಹಾರ್ನ್ ಕೇಳಿದ ಕೂಡ್ಲೆ ಓಡಿ ಬರೋದ ಆಗ್ತೈತಿ. ನಾನು ಅಪ್ಪ ಅವ್ವನ್ನ ಕರ್ಕೊಂಡು ಹೋದಾಗ ಮೆಟ್ರೋ, ಆಟೋದಾಗ ತಿರುಗಿದ್ವಿ, ಅದಕ್ಕ ಎಲ್ಲಾ ನಿಂತು ನೋಡಾಕ ಆತು.

ಗಾಂಧೀಜಿ ಜಾಗ ಎರಡು ಅದಾವ. ರಾಜಘಾಟ್‌ನಾಗ 1948ರ ಜನವರಿ 31ಕ್ಕ ಅಂತ್ಯಸಂಸ್ಕಾರ ಆತು. ಕರಿ ಕಲ್ಲಿನ ಕಟ್ಟಿ, ಮ್ಯಾಲೆ ‘ಹೇ ರಾಮ್’, ಆರದ ದೀಪ, ಸುತ್ತ ಹುಲ್ಲು. ಚಪ್ಲಿ ಬಿಟ್ಟು ಹೋಗಬೇಕು, ಮಧ್ಯಾಹ್ನ ಆದ್ರ ರಾಯಚೂರು ಬಿಸಿಲು ಉಂಡವ್ರಿಗೂ ಅಂಗಾಲು ಚುರ್ ಅಂತೈತಿ. ಕೈ ಮುಗುದು ಬರಾಕ ಚೊಲೋ ಜಾಗ, ಅಷ್ಟ.

ಗಾಂಧಿ ಸ್ಮೃತಿ ಹಂಗಲ್ರಿ. ಅದು ಹಳೇ ಬಿರ್ಲಾ ಹೌಸ್, ಗಾಂಧೀಜಿ ಕಡೀ 144 ದಿನ ಇದ್ದ ಮನಿ, ಜನವರಿ 30ರ ಸಂಜಿಗೆ ಪ್ರಾರ್ಥನೆಗೆ ಹೊಂಟಾಗ ಗುಂಡು ಬಿದ್ದದ್ದು ಅಲ್ಲೇ ತೋಟದಾಗ. ಅವರ ಕೋಣಿಯೊಳಗ ನೆಲದ ಮ್ಯಾಲೆ ಹಾಸಿಗಿ, ಕೋಲು, ಕನ್ನಡಕ, ಆಮೇಲೆ ಸೋಪಿನ ಬದ್ಲು ಮೈ ತಿಕ್ಕೊಳ್ಳೋ ಒರಟು ಕಲ್ಲು. ಆ ಕಲ್ಲು ನೋಡಿ ನಮ್ಮವ್ವ “ನಮ್ಮ ಬಚ್ಚಲದಾಗಿನ ಕಲ್ಲಿನಂಗ ಐತಲ್ಲೋ” ಅಂದು ಅಲ್ಲೇ ನಿಂತುಬಿಟ್ಲು, ರಾಜಘಾಟ್‌ನಾಗ ಆಕಿ ಏನೂ ಕೇಳಿರಲಿಲ್ಲ, ಇಲ್ಲಿ ಎಲ್ಲಿ ಉಣ್ತಿದ್ರು, ಯಾರ ಜೋಡಿ ಇದ್ರು ಅಂತ ಕೇಳಿದ್ದ ಕೇಳಿದ್ದು. ಕೋಣಿಯಿಂದ ತೋಟದ ತನಕ ಅವರು ನಡದ ದಾರಿಗುಂಟ ಸಿಮೆಂಟಿನ ಹೆಜ್ಜಿ ಗುರುತು ಮಾಡ್ಯಾರ, ಅದರ ಬಾಜೂಕ ನಾವೂ ನಡ್ಕೋಂತ ಹೋಗಿ ಹೆಜ್ಜಿ ನಿಂತಲ್ಲಿ ನಿಂತ್ರ ಎದಿ ಭಾರ ಆಗ್ತೈತಿ. ಒಂದ ಜಾಗಕ್ಕ ಟೈಮ್ ಇದ್ರ ಕಣ್ಣು ಮುಚ್ಚಿ ಗಾಂಧಿ ಸ್ಮೃತಿಗೆ ಹೋಗ್ರಿ.

ಇಂಡಿಯಾ ಗೇಟ್ ಸಂಜಿಗೆ ಲೈಟ್ ಹತ್ತಿದಾಗ ಚಂದ, ಹುಡುಗ್ರಿಗೆ ಖುಷಿ. 42 ಮೀಟರ್ ಎತ್ತರ, 1931ರಾಗ ಉದ್ಘಾಟನೆ ಆದದ್ದು, ಮೊದಲನೇ ಮಹಾಯುದ್ಧದಾಗ ಸತ್ತ ಸೈನಿಕರ ನೆನಪಿಗೆ ಕಟ್ಟಿದ್ದು. ಗೋಡಿ ಮ್ಯಾಲೆ ಸಾವಿರಾರು ಹೆಸರು ಅದಾವ, ಆದ್ರ ದೂರದಿಂದ ಓದಾಕ ಬರಂಗಿಲ್ಲ. ಹಿಂದಿನ ಮಂಟಪದಾಗಿನ ನೇತಾಜಿ ಮೂರ್ತಿ ಮಾತ್ರ ಬಿಡಬ್ಯಾಡ್ರಿ, ನಮ್ಮ ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ್ದು.

ಅಲ್ಲಿಂದ ನಾಲ್ಕು ಹೆಜ್ಜಿಗೆ ರಾಷ್ಟ್ರೀಯ ಯುದ್ಧ ಸ್ಮಾರಕ, 2019ರಾಗ ಆದದ್ದು, ಪುಗಸಟ್ಟೆ ಪ್ರವೇಶ, ಆದ್ರೂ ಅರ್ಧ ಮಂದಿ ಹೊಳ್ಳಿ ನೋಡಂಗಿಲ್ಲ. ಇಂಡಿಯಾ ಗೇಟ್‌ನಾಗಿದ್ದ ಅಮರ್ ಜವಾನ್ ಜ್ಯೋತಿಯನ್ನ 2022ರಾಗ ಇಲ್ಲಿಯ ಜ್ಯೋತಿ ಜೋಡಿ ಸೇರಿಸ್ಯಾರ. ತ್ಯಾಗ ಚಕ್ರದ ಗೋಡಿಗಳಾಗ ಒಂದೊಂದು ಗ್ರಾನೈಟ್ ಕಲ್ಲಿಗೆ ಒಬ್ಬೊಬ್ಬ ಸೈನಿಕನ ಹೆಸರು, 25 ಸಾವಿರಕ್ಕಿಂತ ಹೆಚ್ಚು ಅದಾವ, ಹತ್ರ ನಿಂತು ಓದೋ ಹಂಗ. ಅಪ್ಪ ಗೌಡ, ಪಾಟೀಲ ಅಂತ ನಮ್ಮ ಕಡಿ ಹೆಸರು ಹುಡುಕ್ಕೋಂತ ಹೊಂಟು ಬರಾಕ ಒಲ್ಲೆ ಅಂದ. ಪರಮ ವೀರ ಚಕ್ರದ 21 ಮಂದಿ ಮೂರ್ತಿ ಬ್ಯಾರೆ ಅದಾವ, ಅದರಾಗ ಕಾರವಾರ ಕಡಿಯ ರಾಮ ರಾಘೋಬ ರಾಣೆ ಅವರದೂ ಐತಿ, 1948ರಾಗ ಕಾಶ್ಮೀರದ ರಾಜೌರಿ ದಾರಿಯಾಗ ನೆಲದಾಗ ಹುಗಿದ ಮೈನ್ ಬಾಂಬ್ ನಡುವ ಟ್ಯಾಂಕಿನ ಅಡಿ ತೆವಳಿ ದಾರಿ ಮಾಡಿಕೊಟ್ಟವ್ರು, ಜೀವಂತ ಇದ್ದಾಗ್ಲೇ ಪದಕ ತಗೊಂಡವ್ರು. ನಮ್ಮ ಹುಡುಗ್ರಿಗೆ ಈ ಮೂರ್ತಿ ಮುಂದ ನಿಲ್ಲಿಸಿ ಹೇಳ್ರಿ.

ಹಂಗಾಗಿ ಯುದ್ಧ ಸ್ಮಾರಕ ಬೆಳಕಿದ್ದಾಗ್ಲೇ ಮುಗಿಸಿ, ಕತ್ತಲಾದ ಮ್ಯಾಲೆ ಇಂಡಿಯಾ ಗೇಟ್ ಕಡಿ ಬರ್ರಿ. ಗಾಂಧಿ ಸ್ಮೃತಿಗೆ ಲೋಕ ಕಲ್ಯಾಣ ಮಾರ್ಗ್ ಮೆಟ್ರೋ ಹತ್ರ. ಸೋಮವಾರ ಅದು ಬಂದ್ ಇರ್ತೈತಿ, ಕೆಂಪು ಕೋಟಿನೂ ಬಂದ್, ಟಿಕೆಟ್ ಬುಕ್ ಮಾಡೋವಾಗ್ಲೇ ವಾರ ನೋಡ್ಕೊಳ್ರಿ.